ವಾರಕ್ಕೊಂದು ಮಾತ್ರೆ

ಶಂಕರಪುರ

ಹರ್ಷಿಣಿ ಮೇಡಂ ಅವರಿಗೆ ಸ್ವರ್ಣಲತಾಳ ನಮಸ್ಕಾರ.

ಮದ್ದಿನ ಚೀಟಿ ಜನರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಕೇಳಿ ಫಾರ್ಮಿನಲ್ಲಿ ಬರೆದುಕೊಳ್ಳಲು ನೀವು ಮಣಿಪಾಲದಿಂದ ಬಂದಾಗ ನಾನು ಮಲ್ಲಿಗೆ ಕಟ್ಟುತ್ತಿದ್ದೆ.

"ಯಜಮಾನರಿಗೆ ಈ ಗಂಟುನೋವಿನ ಮಾತ್ರೆ ಹೇಗೆ ಕೊಡ್ತೀರಿ?" ಅಂದಿರಿ.

"ದಿನಾ ಒಂದು" ಅಂದೆ.

ನೀವು ಚೀಟಿ ಎತ್ತಿ ತೋರಿಸಿದಿರಿ. "ಅಮ್ಮಾ, ಇದು ವಾರಕ್ಕೆ ಒಂದೇ! ಎಷ್ಟು ದಿನ ಆಯ್ತು?"

"ಐದು ದಿನ. ಬಾಯೆಲ್ಲ ಹುಣ್ಣು ಉಂಟು."

ಕೂಡಲೇ ರಿಕ್ಷಾ ತರಿಸಿ ಅವರನ್ನು ಆಸ್ಪತ್ರೆಗೆ ಕರೆದೊಯ್ದಿರಿ. ನಿನ್ನೆ ಅವರು ಮನೆಗೆ ಬಂದು ಗಂಜಿ ಉಂಡರು. ಈ ಉಪಕಾರ ಮರೆಯುವುದಿಲ್ಲ.

ಒಂದು ಕೇಳಿಕೆ ಉಂಟು. ಚೀಟಿ ಓದಿದರೆ ಅರ್ಥವಾಗುತ್ತದೆ ಎಂದು ನಾನು ಮೊದಲು ಹೇಳಿದ್ದು ನಾಚಿಕೆಯಿಂದ. ಚೀಟಿ ಇರುವುದು ಇಂಗ್ಲಿಷಿನಲ್ಲಿ; ನನಗೆ ಅದು ಬರುವುದಿಲ್ಲ. ದಯವಿಟ್ಟು ನಿಮ್ಮ ಫಾರ್ಮಿನಲ್ಲಿ ಅದನ್ನು ತಿದ್ದಿ. ಹಾಗೆ ಹೇಳಿದವಳು ನಾನೊಬ್ಬಳೇ ಆಗಿರಲಾರೆ.

ನಿಮ್ಮ,
ಸ್ವರ್ಣಲತಾ