ಹುಲಿಗೆಮ್ಮನವರ ಎಡಪಾದ

ಗಂಗಾವತಿ, ೨೧೮೩ರ ಫೆಬ್ರವರಿ ೩೦

ಖೋ-ಖೋ ತರಬೇತುದಾರರಾದ ಹುಲಿಗೆಮ್ಮನವರಿಗೆ ಪಂಪಾವತಿಯ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ.

ನಾನು ನೆರಳುಗದ್ದೆಯಲ್ಲಿ ದುಡಿಯುವವಳು. ಬಿಸಿಲು ತಾಳಲಾರದ ಭತ್ತವನ್ನು ಈಗ ಚಪ್ಪರದಡಿ ಬೆಳೆಯುತ್ತೇವೆ, ಅದಕ್ಕೆ ಆ ಹೆಸರು. ಕೆಸರಿನಿಂದ ಹತ್ತಿ ಬಂದವರು ಕಾಲು ತೊಳೆದು ಮೈಗನ್ನಡಿಯ ಮೇಲೆ ನಿಲ್ಲಬೇಕು; ಅದು ಚರ್ಮ ನೋಡಿ ರೋಗ ಹೇಳುತ್ತದೆ. ಹೋದ ಸುಗ್ಗಿಯಲ್ಲಿ ಅದು ನನ್ನನ್ನು ತಡೆಯಿತು. ಅಂಗಾಲಿನಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ. ನನ್ನ ಮೈಯೂ ಕಪ್ಪೇ, ನಾನಾಗಿ ಗಮನಿಸುತ್ತಿರಲಿಲ್ಲ. ಅಪರೂಪದ ಚರ್ಮದ ಕ್ಯಾನ್ಸರ್, ಆಗಷ್ಟೇ ಮೊಳೆತಿತ್ತು. ತೆಗೆದರು. ಸ್ವಲ್ಪ ದಿನಕ್ಕೆ ಮತ್ತೆ ಗದ್ದೆಗಿಳಿದೆ.

ಕನ್ನಡಿಗೆ ಇದು ಹೇಗೆ ಗೊತ್ತಾಯಿತೆಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ನಿಮ್ಮ ಎಡಪಾದದ ಚಿತ್ರ ತೋರಿಸಿ, ಕಪ್ಪು ಅಂಗಾಲಿನಲ್ಲಿ ಈ ರೋಗ ಗುರುತಿಸಲು ಕನ್ನಡಿ ಕಲಿತದ್ದು ಇದರಿಂದಲೇ ಎಂದು, ನಿಮಗಿನ್ನೂ ನಡೆಯದಿರುವುದನ್ನು, ನಮಗೆ ಎಂದೋ ನಡೆದುಹೋದದ್ದನ್ನು ಹೇಳಿದರು.

ಅಂಗಾಲಿನ ಕಲೆ ತೋರಿಸಿದಾಗ ನಿಮ್ಮ ಡಾಕ್ಟರು, "ಓಡೋ ಕಾಲು, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟೈತಿ, ಬಿಡ್ರಿ" ಎಂದರಂತೆ. ಅವರು ಓದಿದ ಪುಸ್ತಕದಲ್ಲಿ ಈ ರೋಗದ ಚಿತ್ರಗಳೆಲ್ಲ ಬಿಳಿಯ ಮೈಯವರವು. ಮರುವರ್ಷ ಕಲೆ ಹುಣ್ಣಾಯಿತು, ತೊಡೆಸಂದಿಯಲ್ಲಿ ಗಂಟು ಕಟ್ಟಿತು. ಅದೇ ಡಾಕ್ಟರು ತಲೆಯೆತ್ತದೆ, "ನನ್ನ ತಪ್ಪಾತ್ರಿ ಯವ್ವಾ. ಒಂದು ಫೋಟೊ ತಗೀಲೇನು?" ಎಂದರು. ನೀವು ಕಾಲು ಚಾಚಿದಿರಿ. "ತಗೀರಿ. ನಮ್ಮ ಹುಡುಗ್ಯಾರೂ ಬರಿಗಾಲಾಗ ಓಡ್ತಾರ."

ಮುಂದಿನ ಪಂದ್ಯಾವಳಿಯ ಹೊತ್ತಿಗೆ ನೀವಿರಲಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಟಪಾಲು ನಮ್ಮಲ್ಲಿ ಈಚೆಗೆ ಬಂದಿದೆ, ಒಬ್ಬರಿಗೆ ಒಂದೇ ಕಾಗದ. ನಿಮ್ಮ ಕಲೆ ಚಿಕ್ಕದಿರುವಾಗಲೇ ಇದು ಕೈಸೇರುತ್ತದೆ. ಆದರೂ ಬರೆಯಲು ಕೂತವಳು ಎಷ್ಟೋ ಸಲ ಎದ್ದುಹೋದೆ. ನೀವು ಉಳಿದರೆ ಆ ಚಿತ್ರ ಇರುವುದಿಲ್ಲ, ಕನ್ನಡಿ ನನ್ನನ್ನು ತಡೆಯುವುದಿಲ್ಲ. ನಿಮ್ಮ ಸಾವು ಹಾಗೆಯೇ ಇರಲಿ ಎಂದು ಒಂದು ತಿಂಗಳು ಬಯಸಿದೆ. ಉಣ್ಣುತ್ತ, ನಗುತ್ತ ಬಯಸಿದೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಆಸ್ಪತ್ರೆಗೆ ಇವತ್ತೇ ಹೋಗಿ. ಪೆಟ್ಟು ಎಂದರೆ ಒಪ್ಪಬೇಡಿ. ಚೂರು ತೆಗೆದು ಪರೀಕ್ಷೆಗೆ ಕಳಿಸಿ ಎನ್ನಿ, ಕಳಿಸುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಆದರೆ, ಕಲೆ ಚಿಕ್ಕದಿರುವಾಗಲೇ ಒಂದು ಫೋಟೊ ತೆಗೆಸಿ. ಕೇಳಲು ನಾಚಿಕೆಯಾಗುತ್ತದೆ. ಮರೆತರೂ ಪರವಾಗಿಲ್ಲ, ಹೊರಡಿ.

ನಿಮ್ಮ
ಪಂಪಾವತಿ