ತೊರೆಯ ನೀರು ತಂದ ಅಣ್ಣನಿಗೆ

ಸಾನ್ ಬೆನಿಗ್ನೊ, ಪನಾಮಾ
೨೪ ಜನವರಿ ೨೦೦೯

ಪ್ರೀತಿಯ ದಿದಿಮೊ ಅಣ್ಣನಿಗೆ ನಿವಿಯಾಳ ವಂದನೆಗಳು.

ಕೊಲೋನಿನಲ್ಲಿ ನೀನು, ಅತ್ತಿಗೆ, ಮಗಳು ಕ್ಷೇಮವೆಂದು ನಂಬಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ಮೊಣಕಾಲು ನೋವು ಇದ್ದದ್ದೇ. ನಿನ್ನ ಪತ್ರಗಳಿಗೆ ಉತ್ತರ ತಡವಾಯಿತು, ಕ್ಷಮಿಸು. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ. ಇದನ್ನು ಹರಿಯುವುದಿಲ್ಲ.

ನೀನು ಮಾಡಿದ್ದಕ್ಕೆ ಮೂಲ ಒಂದು ಕಥೆ. ಅದನ್ನು ನಮಗೆ ಮೊದಲು ಹೇಳಿದವಳು ತೋಮಾಸಾ ಅಜ್ಜಿ, ಊರಿಗೆ ಕರೆಂಟು ಬಂದ ವರ್ಷ, ಒಲೆಯ ಮುಂದೆ ಜೋಳ ಬಿಡಿಸುತ್ತ. ತೊರೆಯ ಭೋರ್ಗರೆತದಲ್ಲಿ ಕೂಗು ಕೇಳದೆ ಕೈ ಬೀಸಿಯೇ ಒಂದನ್ನೊಂದು ಮಾತಾಡಿಸುವ ನಮ್ಮ ಚಿನ್ನದ ಬಣ್ಣದ ಕಪ್ಪೆಗಳಲ್ಲೊಂದನ್ನು ಒಬ್ಬ ವ್ಯಾಪಾರಿ ಅದೃಷ್ಟ ಬರಲೆಂದು ಮನೆಗೊಯ್ದ. ಅದು ತಿನ್ನಲಿಲ್ಲ, ಕೈ ಬೀಸಲಿಲ್ಲ. ಅವನ ಹೆಂಡತಿ ಸೋರೆ ಬುರುಡೆಯಲ್ಲಿ ತೊರೆಯ ನೀರು ತಂದು ಬೆನ್ನಿಗೆ ಎರೆದಳು. ಕಪ್ಪೆ ತಲೆಯೆತ್ತಿ ಕೈ ಬೀಸಿತು. "ಹುಟ್ಟಿದ ನೀರು ಮೈಗೆ ತಾಗ್ತು ನೋಡಿ, ಕಾಯಿಲೆ ಓಡಿಹೋಯ್ತು" ಅನ್ನುತ್ತಿದ್ದಳು ಅಜ್ಜಿ.

ಅವಳ ಕಾಲಕ್ಕೆ ನಿಜವಿದ್ದಿರಬಹುದು. ಈಗ ಕಾಯಿಲೆ ಇರುವುದೇ ಆ ನೀರಿನಲ್ಲಿ. ಕಣ್ಣಿಗೆ ಕಾಣದ ಬೂಷ್ಟು ಈಜಿಕೊಂಡು ಬಂದು ಕಪ್ಪೆಯ ಚರ್ಮ ಹಿಡಿಯುತ್ತದೆ. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ. ಅದು ಕೆಟ್ಟರೆ ಕೊನೆಗೆ ಹೃದಯ ನಿಲ್ಲುತ್ತದೆ. ಅದಕ್ಕೇ ನಮ್ಮ ತೊರೆಯಲ್ಲಿ ಉಳಿದಿದ್ದ ಕೆಲವನ್ನು ಹಿಡಿದು ತಂದು ನಾನು ಕೆಲಸ ಮಾಡುವ ಕಪ್ಪೆಮನೆಯ ಎರಡನೇ ಕೋಣೆಯಲ್ಲಿ ಇಟ್ಟದ್ದು. ದಿನಾ ಬೆಳಿಗ್ಗೆ ಒಂದೊಂದನ್ನೂ ತೆಳು ಮದ್ದಿನ ನೀರಿನಲ್ಲಿ ಕೂರಿಸುತ್ತಿದ್ದೆ. ಒಂದನ್ನು ಮುಟ್ಟಿದ ಕೈಗವಸು ಇನ್ನೊಂದಕ್ಕಿಲ್ಲ. ಡಬ್ಬಿ ತೊಳೆದು, ಹಾಸಿದ ಕಾಗದ ಬದಲಿಸಿ, ಬಾಗಿಲಲ್ಲಿ ಬ್ಲೀಚ್ ನೀರಿಗೆ ಬೂಟು ಅದ್ದಿ ಹೊರಬರುತ್ತಿದ್ದೆ. ನವೆಂಬರಿನ ಪರೀಕ್ಷೆಯಲ್ಲಿ ಆ ಕೋಣೆಯ ಯಾವ ಕಪ್ಪೆಯಲ್ಲೂ ರೋಗ ಕಾಣಲಿಲ್ಲ. ಅಂದು ಖುಷಿಗೆ ಅತ್ತುಬಿಟ್ಟೆ.

ಡಿಸೆಂಬರಿನಲ್ಲಿ ತಾಯಂದಿರ ದಿನಕ್ಕೆ ನೀನು ಬಂದೆ. ನಾನು ಅಮ್ಮನನ್ನು ಚರ್ಚಿಗೆ ಕರೆದೊಯ್ದಾಗ ನೀನು ಅಜ್ಜಿಯ ಸೋರೆ ಬುರುಡೆಯಲ್ಲಿ ತೊರೆಯ ನೀರು ತುಂಬಿಕೊಂಡು ಕಪ್ಪೆಮನೆಗೆ ಹೋದೆ. ಕಾವಲಿನ ಮೆಲೆಸಿಯೊ ಈಗ ಬಾಯಿಬಿಟ್ಟಿದ್ದಾನೆ.

"ನಿಮ್ಮಣ್ಣ ಅಲ್ವಾ ಅಕ್ಕಾ, ತಿನ್ನೋಕೆ ತಮಾಲೆ ಬೇರೆ ತಂದಿದ್ರು. 'ಪಾಪ, ಔಷಧಿ ವಾಸ್ನೇಲೇ ಬಿದ್ದಿವೆ ಕಣೋ, ಸ್ವಲ್ಪ ಊರ ನೀರು ಕಾಣಿಸ್ತೀನಿ' ಅಂದ್ರು. ನೀರು ತಾನೇ ಅಂದ್ಕೊಂಡೆ."

"ಬೂಟು ಅದ್ದಿದ್ನಾ?"

"ಎಲ್ಲಿ ಬೂಟು? ಚಪ್ಪಲೀಲಿದ್ರು."

ಹೊಸ ವರ್ಷ ಕಳೆದ ಮೇಲೆ ಒಂದು ಕಪ್ಪೆ ಕಾಲು ಚೆಲ್ಲಿ ಕೂತಿತು, ಚರ್ಮ ಸುಲಿಯುತ್ತಿತ್ತು. ಆಮೇಲೆ ಪಕ್ಕದ ಡಬ್ಬಿಯದು. ಮತ್ತೆ ಮದ್ದಿನ ಸ್ನಾನ ಶುರುಮಾಡಿದೆವು. ಗಂಡುಗಳು ಕೆಲವು ಉಳಿದವು. ಹೆಣ್ಣು ಒಂದೂ ಉಳಿಯಲಿಲ್ಲ. ಗಂಡುಗಳು ಈಗ ಎದುರಿನ ಖಾಲಿ ಡಬ್ಬಿಗಳಿಗೆ ಕೈ ಬೀಸುತ್ತವೆ. ನಮ್ಮ ತೊರೆಯ ಸಂತತಿ ಇವುಗಳೊಂದಿಗೆ ಮುಗಿಯಿತು, ಅಣ್ಣ.

"ಪ್ರೀತಿಯಿಂದ ಮಾಡಿದ್ದು ಕಣೇ, ಬೈಬೇಡ" ಅನ್ನುತ್ತಾಳೆ ಅಮ್ಮ. ನೀನು ಪ್ರೀತಿಯಿಂದಲೇ ಮಾಡಿದೆ, ಗೊತ್ತು. ನನ್ನ ಹೊಟ್ಟೆ ಉರಿಸುವುದೂ ಅದೇ. ಕಳ್ಳ ಬಂದಿದ್ದರೆ ಪೊಲೀಸರಿಗೆ ಹೇಳುತ್ತಿದ್ದೆ. ತಾಯಂದಿರ ದಿನದ ಊಟಕ್ಕೆ ಕೂತಾಗ ನೀನು "ಏನೇ, ಕಪ್ಪೆಗೆ ಸ್ನಾನ ಮಾಡ್ಸೋಕೂ ಸಂಬಳ ಕೊಡ್ತಾರಾ? ಪೌಡರೂ ಹಚ್ತೀಯಾ?" ಎಂದು ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ಬಾಗಿಲ ಹೊರಗೆ ನಿನ್ನ ಚಪ್ಪಲಿ ಇನ್ನೂ ಒದ್ದೆಯಾಗಿತ್ತು.

ಬುರುಡೆಯನ್ನು ಒಲೆಗೆ ಹಾಕಿದ್ದೇನೆ. ನೀನು ಮಾತ್ರ ಬಾ, ಅಮ್ಮ ದಾರಿ ನೋಡುತ್ತಾಳೆ. ದೇವರು ಅತ್ತಿಗೆಯನ್ನೂ ಮಗುವನ್ನೂ ಚೆನ್ನಾಗಿಟ್ಟಿರಲಿ. ನನ್ನ ಸಿಟ್ಟು ಇಳಿದ ಮೇಲೆ ನಿನ್ನನ್ನೂ.

ನಿನ್ನ ತಂಗಿ,
ನಿವಿಯಾ

ಬರೆಯದೆ ಬಿಟ್ಟದ್ದು: ನಿನ್ನ ಮಗಳು ಫೋನಿನಲ್ಲಿ ಅಜ್ಜಿಯ ಕಥೆ ಹೇಳೆಂದಳು. ವ್ಯಾಪಾರಿಯ ಹೆಂಡತಿ ನೀರಿಗೆ ಹೊರಟಳು ಎನ್ನುವವರೆಗೆ ಹೇಳಿದೆ, ಮುಂದಿನದನ್ನು ಹೇಳದೆ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅಜ್ಜಿ ಅದನ್ನು ಹೇಳಿದ ಮರುದಿನ ಬೆಳಿಗ್ಗೆ ನಾವಿಬ್ಬರೂ ತೊರೆಗೆ ಓಡಿದ್ದು ನೆನಪಿದೆಯಾ? ಕಲ್ಲಿನ ಮೇಲೊಂದು ಕಪ್ಪೆ ಕೂತಿತ್ತು. ಬುರುಡೆ ತುಂಬಿದವನು ನೀನು. ಎರೆಯುವ ಮುಂಚೆ ನನ್ನ ಕಡೆ ತಿರುಗಿ, "ನೀನ್ ಎರೀತೀಯಾ? ನಿನ್ ಕೈ ಮೆತ್ತಗಿದೆ" ಎಂದು ಕೇಳಿದ್ದೆ. ನಾನು ಎರೆದೆ. ಅದು ಕೈ ಬೀಸಿತು.