ಡ್ಯಾಶ್‌ಬೋರ್ಡಿನ ಕೆಂಪು ಬಲ್ಬು

ಅಪ್ಪಾ,

ಈ ಕಾಗದ ಹಾಕಲು ವಿಳಾಸವಿಲ್ಲ, ಆದರೂ ನಿಮಗೇ ಮೊದಲು ಹೇಳಬೇಕು. ನಿಮ್ಮ ಹಳೆಯ ಕಾರಿನ ಬ್ಯಾಟರಿ ಯಾಕೆ ಪದೇ ಪದೇ ಡೌನ್ ಆಗುತ್ತಿತ್ತೆಂದು ಇವತ್ತು ಗೊತ್ತಾಯಿತು. ನೀವು ಬ್ಯಾಟರಿ ಬದಲಿಸಿದಿರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿದಿರಿ. ಕೊನೆಗೆ, ತಳ್ಳಿ ಸ್ಟಾರ್ಟ್ ಮಾಡಲು ಸುಲಭವೆಂದು ಬೆಳ್ಮಣ್ಣು ಊರಿನ ನಮ್ಮ ಮನೆಯೆದುರಿನ ಇಳಿಜಾರಿನಲ್ಲೇ ಕಾರು ನಿಲ್ಲಿಸುತ್ತಿದ್ದಿರಿ. ನಿಮಗೆ ಎದೆನೋವು ಬಂದ ದಿನ ಮಾತ್ರ ಅದು ಸಮತಟ್ಟಾದ ಅಂಗಳದ ನೆರಳಿನಲ್ಲಿತ್ತು, ಸ್ಟಾರ್ಟ್ ಆಗಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗಲು ನಾವು ರಿಕ್ಷಾಕ್ಕೆ ಕಾದೆವು.

ಇವತ್ತು ಒಂದೊಂದೇ ವಯರು ಹಿಡಿದುಕೊಂಡು ಹೋದೆ. ಕೀಲಿ ತಿರುಗಿಸಿದಾಗ ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗುವುದೇ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ತೊಂದರೆಯ ಎಚ್ಚರಿಕೆ ಕೊಡುವ ಕೆಂಪು ಬಲ್ಬಿನ ಮೂಲಕ. ಅದು ಸಿಕ್ಕಿದರೆ ಮಾತ್ರ ಬ್ಯಾಟರಿ ಚಾರ್ಜ್ ಆಗುತ್ತದೆ. ಆ ಬಲ್ಬು ಯಾವತ್ತೋ ಸುಟ್ಟುಹೋಗಿತ್ತು! "ಕೆಂಪು ದೀಪವೇ ಬರುವುದಿಲ್ಲ, ಮತ್ತೆಂತ ತೊಂದರೆ ಉಂಟು ಮಾರಾಯ್ತಿ?" ಎಂದು ನೀವು ಅಮ್ಮನ ಬಾಯಿ ಮುಚ್ಚಿಸುತ್ತಿದ್ದಿರಿ, ನೆನಪುಂಟಾ?

ಹೊಸ ಬಲ್ಬು ಹಾಕಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೀಲಿ ತಿರುಗಿಸಿದೆ. ಕೆಂಪು ದೀಪ ಹೊತ್ತಿತು. ಎಂಜಿನ್ ಓಡಿದ ಕೂಡಲೇ ಆರಿತು. ನನಗೆ ಖುಷಿಯೋ ಖುಷಿ. ಆಫ್ ಮಾಡಿ, ಇನ್ನೊಮ್ಮೆ ಮಾಡಿ ನೋಡಿದೆ.

ಅಮ್ಮ ದೀಪ ಆರಿದ ಜಾಗವನ್ನೇ ನೋಡುತ್ತಿದ್ದರು.

"ಈಗ ಇದು ಮಣಿಪಾಲದ ಆಸ್ಪತ್ರೆವರೆಗೆ ಹೋಗ್ತದಾ?" ಎಂದು ಕೇಳಿದರು.